ಊಟವಾದ ಮೇಲೆ ಹೇಳಿದ ಸುದ್ದಿ

ಆ ಡಿಸೆಂಬರಿನಲ್ಲಿ ಯೂರೋಪಿಗೆ ಹೋದಾಗ ನಾವು ತೆಗೆದ ಫೋಟೋಗಳು ಆರುನೂರರ ಮೇಲಿವೆ. ಮೊದಲ ಎರಡು ದಿನದವನ್ನು ಬಿಟ್ಟರೆ ಉಳಿದವೆಲ್ಲ ನನ್ನ ಅಕ್ಕ ಸತ್ತ ಮೇಲೆ ತೆಗೆದವು. ಎಲ್ಲದರಲ್ಲೂ ನಾನು ನಗುತ್ತಿದ್ದೇನೆ. ನನ್ನ ಗಂಡನಿಗೆ ಗೊತ್ತಿತ್ತು, ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಇಲ್ಲಿ ಅಮೆರಿಕದಲ್ಲಿ, ಸಿಯಾಟಲ್ ಪಕ್ಕದ ಬೆಲ್ವ್ಯೂ ಸುತ್ತಮುತ್ತಲಿನ ನಮ್ಮ ಕನ್ನಡದವರ ಗುಂಪಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಚ್ಚಿಟ್ಟು ಕೊನೆಗೆ ಹೇಳುವ ಆಟ ನನಗೆ ಸಾಕಾಗಿದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಭೂಗೋಳದ ಪಾಠ ಮಾಡಿದಳು. ಪಾಸ್‌ಪೋರ್ಟ್ ಮಾಡಿಸಿದವಳಲ್ಲ, ಆದರೆ ಯಾವ ನದಿ ಯಾವ ಊರಿನ ಪಕ್ಕ ಹರಿಯುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಬಾಯಿ ಮಾತ್ರ ಬಲು ಜೋರು. ನಾನು ಇಲ್ಲಿಂದ ಏನು ಕಳಿಸಿದರೂ ಅದರಲ್ಲಿ ಒಂದು ಕೊಂಕು ತೆಗೆಯದೆ ಬಿಟ್ಟವಳಲ್ಲ. ಹೊಸ ಮನೆಯ ಅಡುಗೆಮನೆಯ ವಿಡಿಯೋ ಕಳಿಸಿದರೆ "ಸಿಂಕ್ ಒರೆಸಿಲ್ಲ" ಎಂದು ಉತ್ತರ. ಮಗಳು ಭರತನಾಟ್ಯ ಮಾಡಿದ ಫೋಟೋ ಕಳಿಸಿದರೆ "ಅವಳು ಅರೆಮಂಡಿ ಸರಿಯಾಗಿ ಕೂತಿಲ್ಲ, ನೀನು ಯಾಕೆ ಅಷ್ಟು ದಪ್ಪ ಆಗಿದೀಯ?" ಚೆನ್ನಾಗಿದೆ ಎಂಬ ಮಾತು ಅವಳಿಂದ ಬಂದದ್ದು ನನಗೆ ನೆನಪಿಲ್ಲ. ಅದಕ್ಕಾಗಿ ಜಗಳವಾಡಿದ್ದೇನೆ, ಒಮ್ಮೆ ಮೂರು ತಿಂಗಳು ಮಾತು ಬಿಟ್ಟಿದ್ದೇನೆ. ಅಮ್ಮ ಹೋದ ಮೇಲೆ ನನ್ನನ್ನು ಬೈಯುವುದಕ್ಕೆ ಅಂತ ಉಳಿದಿದ್ದವಳು ಅವಳೊಬ್ಬಳು.

ಎರಡು ವರ್ಷದಿಂದ ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿತ್ತು. ಆ ವರ್ಷ ನಮಗೆ ರಜೆ ಸಿಕ್ಕಿದ್ದು ಡಿಸೆಂಬರಿನ ಕೊನೆಯ ಎರಡು ವಾರ. ಗಂಡನ ಆಫೀಸು ವರ್ಷದ ಕೊನೆಗೆ ಬಾಗಿಲು ಹಾಕುತ್ತದೆ, ಮಗಳ ಸ್ಕೂಲಿಗೂ ಅದೇ ರಜೆ. ಮೈಸೂರಿಗೋ ಯೂರೋಪಿಗೋ ಎಂಬ ಮಾತು ಸೆಪ್ಟೆಂಬರಿನಿಂದಲೇ ನಡೆದಿತ್ತು. ನಾನು ಬಾಯಲ್ಲಿ ಮೈಸೂರು ಎನ್ನುತ್ತಿದ್ದೆ, ಮನಸ್ಸಿನಲ್ಲಿ ಯೂರೋಪಿತ್ತು. ನಮ್ಮ ಗುಂಪಿನಲ್ಲಿ ಎಲ್ಲರೂ ಹೋಗಿಬಂದಿದ್ದರು. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಹೋದರೆ ಸಾಕು, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಆಲ್ಪ್ಸಿನ ಮಾತು. ಹೋಗದವರು ನಾವು ಮತ್ತು ಹೊಸದಾಗಿ ಮದುವೆಯಾಗಿ ಬಂದಿದ್ದ ಒಂದು ಜೋಡಿ, ಅಷ್ಟೇ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಬೇರೆ ಹೆಸರೇಕೆ.

ಅಕ್ಕನನ್ನೇ ಕೇಳಿದೆ. "ಹೋಗು ಹೋಗು, ಬೇಸಿಗೇಲಿ ಬಾ ಇಲ್ಲಿಗೆ," ಎಂದಳು. "ನಾನೇನು ಓಡಿಹೋಗ್ತೀನಾ? ವಾರಕ್ಕೆ ಮೂರು ದಿನ ಆ ಮಿಷಿನ್ನಿಗೆ ಕಟ್ಟಾಕಿರ್ತಾರೆ. ಆದ್ರೆ ಚಳಿಗಾಲದಲ್ಲಿ ಯಾರಾದ್ರೂ ಯೂರೋಪಿಗೆ ಹೋಗ್ತಾರೇನೇ? ಅಕ್ಷಾಂಶ ಎಷ್ಟು ಅಂತ ನೋಡಿದೀಯಾ?"

ಅಕ್ಷಾಂಶ ನೋಡಿರಲಿಲ್ಲ. ಟಿಕೆಟ್ ಕಡಿಮೆಗೆ ಸಿಗುತ್ತದೆ ಎಂಬುದನ್ನು ಮಾತ್ರ ನೋಡಿದ್ದೆವು. ಸಿಯಾಟಲ್‌ನ ಚಳಿಗಾಲದಲ್ಲಿ ಹದಿನಾರು ವರ್ಷ ನೆನೆದವರಿಗೆ ಇನ್ನೇನು ಚಳಿ ಎಂಬ ಸೊಕ್ಕು ಬೇರೆ. ಇಲ್ಲಿನದು ಒದ್ದೆ ಚಳಿ. ಮೂರು ತಿಂಗಳು ಜಿನುಗುತ್ತಲೇ ಇರುತ್ತದೆ, ಒಂದು ಜಾಕೆಟ್ಟಿನಲ್ಲಿ ಕಳೆದುಹೋಗುತ್ತದೆ. ಅಲ್ಲಿನದಕ್ಕೆ ಹಲ್ಲಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಇಳಿದ ಮೊದಲ ದಿನ ಸೇತುವೆ ದಾಟುವಷ್ಟರಲ್ಲಿ ನನ್ನ ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಹಿಮ ಸಿನಿಮಾದಲ್ಲಿ ಬೀಳುವಂತೆ ಬೀಳಲಿಲ್ಲ. ಎರಡು ದಿನ ಹಿಂದೆ ಬಿದ್ದದ್ದು ಕರಗಿ, ಕೊಳೆಯಾಗಿ, ಮತ್ತೆ ಗಟ್ಟಿಯಾಗಿ ರಸ್ತೆ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಹದಿಮೂರು ವರ್ಷದ ಮಗಳು ಎರಡೆರಡು ಕಾಲುಚೀಲ ಹಾಕಿಕೊಂಡೂ "ಐ ಹೇಟ್ ದಿಸ್" ಎನ್ನುತ್ತಿದ್ದಳು. ನಾವು ಬೆಳಿಗ್ಗೆ ಎದ್ದು ಐದೈದು ಪದರ ಬಟ್ಟೆ ಹಾಕಿಕೊಂಡು ಹೊರಡುವಷ್ಟರಲ್ಲಿ ಹನ್ನೊಂದು ಗಂಟೆ, ನಾಲ್ಕಕ್ಕೆ ಕತ್ತಲು. ಹೋಟೆಲಿನ ಕೋಣೆಯಲ್ಲಿ ರೇಡಿಯೇಟರಿನ ಮೇಲೆ ಸಾಲಾಗಿ ಕಾಲುಚೀಲ ಒಣಗುತ್ತಿದ್ದವು, ಪಕ್ಕದ ಮೇಜಿನ ಮೇಲೆ ನಾನು ಬೆಲ್ವ್ಯೂನಿಂದ ಹೊತ್ತು ತಂದ ಪುಟ್ಟ ರೈಸ್ ಕುಕ್ಕರಿನಲ್ಲಿ ಅನ್ನ ಆಗುತ್ತಿತ್ತು. ವಾಸನೆ ಹೊರಗೆ ಹೋಗಬಾರದು ಎಂದು ಬಾಗಿಲ ಸಂದಿಗೆ ಟವೆಲ್ ಒತ್ತಿಡುತ್ತಿದ್ದೆ. ಇಷ್ಟು ಕಷ್ಟಪಟ್ಟು ನೋಡಬೇಕಾದದ್ದು ಆ ಊರುಗಳಲ್ಲಿ ಏನಿತ್ತು ಎಂದು ಕೇಳಿದರೆ ಇವತ್ತು ನನಗೆ ಹೇಳಲು ಬರುವುದಿಲ್ಲ.

ಮೊದಲ ದಿನ ಸೇತುವೆಯ ಮೇಲೆ ನಿಂತ ಫೋಟೋವನ್ನು ಅಕ್ಕನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಕಿವಿ ಮುಚ್ಕೋ. ಆ ಟೋಪಿ ನಿನಗೆ ಒಪ್ಪಲ್ಲ. ಹಿಂದೆ ಹರೀತಿರೋ ನದಿ ಹೆಸರು ಹೇಳು ನೋಡಣ." ನಾನು ಗೂಗಲ್ ಮಾಡಿ ಹೇಳಿದೆ. "ನೋಡ್ಕೊಂಡು ಹೇಳಿದೀಯ, ಗೊತ್ತು," ಎಂದು ಬರೆದಳು. ಅದು ಅಕ್ಕನ ಕೊನೆಯ ಮೆಸೇಜು. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ರಜೆಯಲ್ಲೂ ಪರೀಕ್ಷೆಯೇ ಎಂದು ರೇಗಿತ್ತು.

ಮೂರನೆಯ ದಿನ ನಾವು ವಿಯೆನ್ನಾದಲ್ಲಿದ್ದೆವು. ಬೆಳಿಗ್ಗೆ ಹೋಟೆಲಿನ ತಿಂಡಿ ಕೋಣೆಯಲ್ಲಿ ಕೂತಿದ್ದಾಗ ಗಂಡನಿಗೆ ಫೋನ್ ಬಂತು. ಎದ್ದು ಹೊರಗೆ ಹೋದವರು ಬಂದದ್ದು ಇಪ್ಪತ್ತು ನಿಮಿಷದ ಮೇಲೆ. "ಆಫೀಸು. ಏನೋ ಪ್ರೊಡಕ್ಷನ್ ಇಶ್ಯೂ," ಎಂದರು. ರಜೆಯಲ್ಲೂ ಬಿಡುವುದಿಲ್ಲವಲ್ಲ ಎಂದು ನಾನು ಅವರ ಆಫೀಸಿಗೆ ಶಾಪ ಹಾಕಿದೆ. ತಣ್ಣಗಾಗಿದ್ದ ಕಾಫಿಯನ್ನು ಅವರು ಹಾಗೆಯೇ ಕುಡಿದರು. ಆಮೇಲೆ "ಇವತ್ತು ನೀನು ಹೇಳಿದ ಕಡೆಗೇ ಹೋಗಣ," ಎಂದರು.

ಅವತ್ತಿನಿಂದ ನನ್ನ ಗಂಡ ಬಹಳ ಒಳ್ಳೆಯವರಾಗಿಬಿಟ್ಟರು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾನು ಅಂಗಡಿಯೊಂದರ ಮುಂದೆ ನಿಂತರೆ "ಬೇಗ ಬಾ" ಎನ್ನದೆ ಇದ್ದವರಲ್ಲ. ಈಗ ನಿಂತರೆ ನಿಲ್ಲುತ್ತಿದ್ದರು. ಪುರಭವನದ ಮುಂದಿನ ಕ್ರಿಸ್ಮಸ್ ಸಂತೆಯಲ್ಲಿ ಉಣ್ಣೆಯ ಕೈಗವಸು ಕೊಡಿಸಿದರು, ಬಿಸಿ ಚಾಕೊಲೇಟು ಕೊಡಿಸಿದರು, ಇನ್ನೊಂದು ಬೇಕಾ ಎಂದು ಕೇಳಿದರು. ಟ್ರಾಮಿನಲ್ಲಿ ಒಂದೇ ಸೀಟಿದ್ದರೆ ನನ್ನನ್ನು ಕೂರಿಸಿ ಬ್ಯಾಗ್ ಹಿಡಿದುಕೊಂಡು ನಿಂತರು. ಕ್ರಿಸ್ಮಸ್ ದಿನ ಊರಿಗೆ ಊರೇ ಬಾಗಿಲು ಹಾಕಿತ್ತು. ಒಂದು ಬ್ರೆಡ್ಡೂ ಸಿಗಲಿಲ್ಲ. ಮೂವರೂ ಕೋಣೆಯಲ್ಲಿ ಕೂತು ಪುಳಿಯೋಗರೆ ಗೊಜ್ಜು ಕಲಸಿಕೊಂಡು ತಿಂದೆವು. ಅವರು ಗೊಣಗಲಿಲ್ಲ. ಎರಡು ವಾರ ಯೂರೋಪಿನ ಗಾಳಿ ಕುಡಿದರೆ ಗಂಡಸರು ಇಷ್ಟು ಸುಧಾರಿಸುವುದಾದರೆ ವರ್ಷಕ್ಕೊಮ್ಮೆ ಬರಬೇಕು ಎಂದು ನಾನು ಇಲ್ಲಿನ ಗೆಳತಿಯರ ಗುಂಪಿಗೆ ಮೆಸೇಜು ಹಾಕಿದೆ. ಅದಕ್ಕೆ ಎಂಟು ಜನ ಹೃದಯದ ಚಿತ್ರ ಒತ್ತಿದ್ದಾರೆ. ಆ ಎಂಟು ಜನಕ್ಕೂ ಅಷ್ಟು ಹೊತ್ತಿಗೆ ವಿಷಯ ಗೊತ್ತಿತ್ತು.

ಗಂಡನಿಗೆ ಆ ಫೋನ್ ಬಂದ ದಿನವೇ ನಾನು ಅಕ್ಕನಿಗೆ ಎರಡು ಸಲ ಕಾಲ್ ಮಾಡಿದ್ದೆ, ಎತ್ತಲಿಲ್ಲ. ಗಂಡನಿಗೆ ಹೇಳಿದೆ. "ಡಯಾಲಿಸಿಸ್ ಆದ್ಮೇಲೆ ತುಂಬಾ ಸುಸ್ತಂತೆ. ನಿಮ್ ಭಾವ ಹೇಳಿದ್ರು. ಮಾತಾಡೋಕೆ ಆಗ್ತಿಲ್ವಂತೆ, ಮೆಸೇಜ್ ಮಾಡು ಸಾಕು," ಎಂದರು. ನಾನು ಹೌದಾ ಎಂದೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಅವಳಿಗೆ ಕಾಲ್ ಮಾಡಿದರೆ ಅರ್ಧ ಗಂಟೆ ಕ್ರಿಯಾಟಿನಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು, ಯಾವ ನರ್ಸು ಸೂಜಿ ಹೇಗೆ ಚುಚ್ಚಿದಳು. ರಜೆಯಲ್ಲಿ ಅದೆಲ್ಲ ಬೇಡವಾಗಿತ್ತು. ದಿನಕ್ಕೆ ನಾಲ್ಕೈದು ಫೋಟೋ ಕಳಿಸಿ ಕೈ ತೊಳೆದುಕೊಂಡೆ.

ಮರುದಿನ ಅಕ್ಕನ ನಂಬರಿನಿಂದ ಉತ್ತರ ಬಂತು. "ತುಂಬಾ ಚೆನ್ನಾಗಿದೆ. ಎಂಜಾಯ್ ಮಾಡು."

ನಾನು ಟ್ರಾಮ್ ಸ್ಟಾಪಿನಲ್ಲಿ ನಿಂತು ಅದನ್ನು ಮೂರು ಸಲ ಓದಿದೆ. ಗಂಡನಿಗೂ ತೋರಿಸಿದೆ. "ನೋಡ್ರೀ, ಜನ್ಮದಲ್ಲಿ ಮೊದಲನೇ ಸಲ ನಮ್ಮಕ್ಕ ನನಗೆ ಚೆನ್ನಾಗಿದೆ ಅಂದ್ಲು!" ಅವರು ಫೋನ್ ಕಡೆ ನೋಡಿ ತಲೆಯಾಡಿಸಿ ಟ್ರಾಮ್ ಬಂತೇ ಎಂದು ಆ ಕಡೆ ತಿರುಗಿದರು. ನನಗೆ ಆ ದಿನವೆಲ್ಲ ಎಂಥ ಸಂತೋಷ. ಕಾಯಿಲೆ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಎಂದುಕೊಂಡೆ. ಇನ್ನು ಮೇಲೆ ನಾವಿಬ್ಬರೂ ಜಗಳವಿಲ್ಲದೆ ಇರಬಹುದು ಎಂದುಕೊಂಡೆ. ಐವತ್ತಾರು ವರ್ಷ ಬದುಕಿದ ಹೆಂಗಸು ಒಂದು ಸಲವೂ ಹಾಗೆ ಬರೆದಿರಲಿಲ್ಲ. ಅವಳ ತಂಗಿಯಾಗಿ ನನಗೆ ಅನುಮಾನ ಬರಬೇಕಿತ್ತು. ಹೊಗಳಿಕೆ ಬೇಕಾಗಿತ್ತು, ಸಿಕ್ಕಿತು, ನುಂಗಿಕೊಂಡೆ. ಗಂಡನ ಮೇಲೆ ಎಷ್ಟು ಕೂಗಾಡಿದರೂ ಈ ಒಂದು ವಿಷಯದಲ್ಲಿ ನನಗೆ ಬೈದುಕೊಳ್ಳಲು ನಾನೇ ಸಿಗುವುದು.

ಪ್ರಾಗ್‌ನಲ್ಲಿ ಐದು ದಿನವಿದ್ದೆವು. ಅಲ್ಲಿಯ ಕಲ್ಲುಹಾಸಿನ ಬೀದಿಗಳ ಮೇಲೆ ಹಿಮ ಕೊನೆಗೂ ಬಿತ್ತು. ನಾನು ಕೈ ಚಾಚಿಕೊಂಡು ಗಿರಗಿರನೆ ತಿರುಗಿದೆ. ಮಗಳು ವಿಡಿಯೋ ಮಾಡಿದಳು. ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಆ ದಿನ ಮೈಸೂರಿನಲ್ಲಿ ಅಕ್ಕನ ಆರನೆಯ ದಿನ. ಮನೆ ತುಂಬ ನೆಂಟರು, ಎಲ್ಲರ ಕೈಯಲ್ಲೂ ಫೋನು.

ಜನವರಿ ಎರಡನೆಯ ತಾರೀಖು ವಾಪಸು ಬಂದೆವು. ಏರ್‌ಪೋರ್ಟಿನಿಂದ ಬೆಲ್ವ್ಯೂನ ಈಸ್ಟ್‌ಗೇಟ್‌ನ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ, ಆಗಲೇ ಮಬ್ಬು. ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಡಬ್ಬಗಳಿದ್ದವು. ಅನ್ನ, ತಿಳಿ ಸಾರು, ಹುರುಳಿಕಾಯಿ ಪಲ್ಯ, ಮೊಸರು. ಶೋರ್‌ಲೈನ್‌ನಲ್ಲಿರುವ ನನ್ನ ಗೆಳತಿಯ ಹತ್ತಿರ ನಮ್ಮ ಮನೆಯ ಬೀಗದಕೈ ಇರುತ್ತದೆ. ಅವಳು ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದು ಇಟ್ಟುಹೋಗಿದ್ದಳು. ನನಗೆ ಕಣ್ಣಲ್ಲಿ ನೀರೇ ಬಂತು. ಥ್ಯಾಂಕ್ಸ್ ಹೇಳಲು ಫೋನ್ ಮಾಡಿದರೆ "ಮೊದ್ಲು ಊಟ ಮಾಡ್ರಿ ನೀವು, ಆಮೇಲೆ ಮಾತಾಡಣ" ಎಂದು ಇಟ್ಟೇಬಿಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಕಾದವರು ಅಡುಗೆ ಮಾಡಿ ತಂದುಕೊಡುತ್ತಾರೆ. ಹಪ್ಪಳವಿಲ್ಲ, ಸಿಹಿಯಿಲ್ಲ. ಹದಿನಾರು ವರ್ಷದಲ್ಲಿ ನಾನೇ ಇಲ್ಲಿ ಎಷ್ಟು ಮನೆಗಳಿಗೆ ಅಂಥ ಡಬ್ಬ ಒಯ್ದಿದ್ದೇನೆ. ಆದರೂ ಹೊಳೆಯಲಿಲ್ಲ.

"ನೀನು ಸ್ನಾನ ಮಾಡ್ಕೊಂಡು ಬಾ, ನಾನು ಬಡಿಸ್ತೀನಿ," ಎಂದರು ಗಂಡ. ಹನ್ನೆರಡು ದಿನ ಗೊಜ್ಜನ್ನ ತಿಂದವಳಿಗೆ ಆ ತಿಳಿ ಸಾರು ಅಮೃತವಾಯಿತು. ಎರಡನೆಯ ಸಲ ಹಾಕಿಸಿಕೊಂಡೆ. ಅವರು ಎದುರಿಗೆ ನಿಂತು ನಾನು ತಿನ್ನುವುದನ್ನೇ ನೋಡುತ್ತಿದ್ದರು. ಮಜ್ಜಿಗೆ ಅನ್ನವೂ ಆಯಿತು, ಕೈ ತೊಳೆದು ಬಂದು ಕೂತೆ. ಆಗ ಹೇಳಿದರು.

"ನಿಮ್ಮಕ್ಕ ತೀರ್ಕೊಂಡ್ರು ಕಣೇ. ನಾವು ವಿಯೆನ್ನಾದಲ್ಲಿ ತಿಂಡಿಗೆ ಕೂತಿದ್ವಲ್ಲ, ಆವತ್ತು ಬೆಳಿಗ್ಗೆ. ಹಾರ್ಟ್ ನಿಂತ್ಹೋಯ್ತಂತೆ."

ಅಳು ಬರಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆ ಬೇರೆಯೇ. "ಹಾಗಾದ್ರೆ ನನಗೆ ಮೆಸೇಜ್ ಕಳ್ಸಿದ್ದು ಯಾರು?"

ಅವರು ಮೊಸರಿನ ಡಬ್ಬದ ಮುಚ್ಚಳ ಹಾಕಿದರು. "ನಿಮ್ ಭಾವ. ನೀನು ಪದೇ ಪದೇ ಕೇಳ್ತಿದ್ದೆ. ನಾನೇ ಹೇಳ್ದೆ, ಏನಾದ್ರೂ ಒಂದು ಲೈನ್ ಹಾಕ್ಬಿಡಿ ಅಂತ."

ನನ್ನ ಭಾವ ಮಾತು ಕಡಿಮೆಯ ಮನುಷ್ಯ. ಹೆಂಡತಿಯನ್ನು ಸುಟ್ಟು ಬಂದ ಮರುದಿನ ಅವಳ ಫೋನ್ ತೆಗೆದುಕೊಂಡು, ನಾನು ಹಲ್ಲು ಕಿರಿದುಕೊಂಡು ನಿಂತ ಫೋಟೋಗಳನ್ನು ನೋಡಿ, ಅವಳ ಹೆಸರಿನಲ್ಲಿ "ಎಂಜಾಯ್ ಮಾಡು" ಎಂದು ಒತ್ತಿದ್ದಾರೆ. ಅದನ್ನು ನೆನೆದಾಗ ಅಳು ಬಂತು. ಅಳುತ್ತಲೇ ಕೂಗಾಡಿದೆ. ಈ ದೇಶದ ಮನೆಗಳ ಗೋಡೆ ಹಲಗೆಯವು, ಪಕ್ಕದವರಿಗೆಲ್ಲ ಕೇಳಿಸಿರಬೇಕು. ಏನೆಲ್ಲ ಅಂದೆನೋ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನಿಮ್ಮ ಕೈಯಿಂದ ನೀರೂ ಕುಡಿಯುವುದಿಲ್ಲ ಎಂದದ್ದು ನೆನಪಿದೆ.

ಅವರದು ಒಂದೇ ವಾದ. "ಹೇಳಿದ್ರೂ ನೀನು ತಲುಪ್ತಿರ್ಲಿಲ್ಲ. ಸಂಜೆ ಒಳಗೆ ಎಲ್ಲಾ ಮುಗಿಸ್ಬಿಟ್ರು. ಗೊತ್ತಿಲ್ಲದ ಊರಲ್ಲಿ, ಆ ಚಳೀಲಿ, ಹೋಟೆಲ್ ರೂಮಲ್ಲಿ ನೀನು ಅಳ್ತಾ ಕೂತ್ಕೊಂಡಿದ್ರೆ ನಾನು ಏನ್ ಮಾಡ್ಬೇಕಿತ್ತು ಹೇಳು? ನಿನಗೋಸ್ಕರಾನೇ ಮಾಡಿದ್ದು."

"ಸಂಸ್ಕಾರಕ್ಕೆ ತಲುಪ್ತಿರ್ಲಿಲ್ಲ. ಹನ್ನೊಂದಕ್ಕೆ ತಲುಪ್ತಿದ್ದೆ. ಹದಿಮೂರಕ್ಕೆ ತಲುಪ್ತಿದ್ದೆ. ವಿಯೆನ್ನಾದಿಂದ ಸೀದಾ ಹೋಗ್ತಿದ್ದೆ," ಎಂದೆ. ಅವತ್ತು ಹನ್ನೆರಡನೆಯ ದಿನವಾಗಿತ್ತು. ಹೊಸ ವರ್ಷದ ರಜೆ ಮುಗಿಸಿ ವಾಪಸಾಗುವವರ ನೂಕುನುಗ್ಗಲಿನಲ್ಲಿ ನಾಲ್ಕು ದಿನ ಯಾವ ವಿಮಾನದಲ್ಲೂ ಸೀಟಿರಲಿಲ್ಲ. ಅಷ್ಟು ಹೊತ್ತಿಗೆ ಅಲ್ಲಿ ಎಲ್ಲ ಮುಗಿದು ನೆಂಟರು ಹೊರಟಿರುತ್ತಾರೆ. ಸೂತಕದ ವಿಷಯ ಕೇಳೋಣ ಎಂದು ಇಲ್ಲಿನ ಪುರೋಹಿತರಿಗೆ ಫೋನ್ ಮಾಡಿದೆ. ಮದುವೆಯಾದ ಅಕ್ಕ, ಅದೂ ಹತ್ತು ದಿನ ಕಳೆದ ಮೇಲೆ ಕೇಳಿದ್ದು, ಒಂದು ತಲೆಸ್ನಾನ ಮಾಡಿದರೆ ಸಾಕು ಎಂದರು. ಐವತ್ತಾರು ವರ್ಷದ ಅಕ್ಕನಿಗೆ ನನ್ನ ಪಾಲಿನದು ಒಂದು ಚೊಂಬು ಬಿಸಿನೀರು.

ಊರಿನಲ್ಲಿ ಏನಾಯಿತು ಎಂಬುದು ಮೆಲ್ಲಗೆ ತಿಳಿಯಿತು. ನನಗೆ ಹೇಳಿಲ್ಲ ಎನ್ನುವುದು ಅಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಿತ್ತು. ಅವಳು ಮಾತಾಡುವ ಸ್ಥಿತಿಯಲ್ಲಿಲ್ಲ, ಈಗಲೇ ಫೋನು ಮೆಸೇಜು ಮಾಡಬೇಡಿ ಎಂದಷ್ಟೇ ಭಾವ ಉಳಿದವರಿಗೆ ಹೇಳಿದ್ದರಂತೆ. ಉಳಿದ ನೆಂಟರು ಸ್ಟೇಟಸ್ಸಿನಲ್ಲಿ ನಾನು ಹಿಮದಲ್ಲಿ ತಿರುಗುವುದನ್ನು ನೋಡಿದ್ದಾರೆ. ನಮ್ಮ ದೊಡ್ಡಮ್ಮ ಅದನ್ನು ಸುತ್ತ ಕೂತಿದ್ದವರಿಗೆಲ್ಲ ತೋರಿಸಿ "ನೋಡ್ರಪ್ಪ, ಒಡಹುಟ್ಟಿದೋಳು ಹೆಂಗ್ ಕುಣೀತಾವ್ಳೆ" ಎಂದರಂತೆ. ಆಮೇಲೆ ನಿಜ ತಿಳಿಸಿದರೂ ದೊಡ್ಡಮ್ಮ ನಂಬಲಿಲ್ಲ. ಈ ಕಾಲದಲ್ಲಿ ಹನ್ನೆರಡು ದಿನ ಯಾರಿಗಾದರೂ ಸುದ್ದಿ ತಿಳಿಯದೆ ಇರುತ್ತದೆಯೇ ಎಂದು ಕೇಳಿದರಂತೆ. ಅವರು ಕೇಳಿದ್ದು ತಪ್ಪಲ್ಲ.

ಮೂರು ದಿನ ನಾನು ಗಂಡನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದೆ. ಮಳೆ, ಮುಂದೆ ಸಾಲು ಸಾಲು ಕೆಂಪು ದೀಪ. "ನಿಮ್ಮಪ್ಪ ನನಗೆ ಎಂಥಾ ಮೋಸ ಮಾಡಿದ್ರು ಗೊತ್ತಾ?" ಎಂದೆ. ಮಗುವಿನ ಹತ್ತಿರ ಹಾಗೆ ಹೇಳಬಾರದಿತ್ತು. ಅವಳು ಕಿಟಕಿಯ ಕಡೆಯೇ ನೋಡುತ್ತ "ಐ ನೋ. ಐ ನ್ಯೂ," ಎಂದಳು. ಪ್ರಾಗ್‌ನಲ್ಲಿದ್ದಾಗ ಅಪ್ಪನ ಫೋನಿನಲ್ಲಿ ಭಾವನ ಮೆಸೇಜು ನೋಡಿದ್ದಳಂತೆ, ಅಪ್ಪ ಅವಳಿಗೆ ಎಲ್ಲ ಹೇಳಿದ್ದರಂತೆ. ನಾನು ಗಿರಗಿರನೆ ತಿರುಗುವುದನ್ನು ವಿಡಿಯೋ ಮಾಡಿದಾಗಲೂ ಅವಳಿಗೆ ಗೊತ್ತಿತ್ತು.

"ನೀನಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

"ಅಪ್ಪ ಸೆಡ್ ದಟ್ಸ್ ವಾಟ್ ವಿ ಡೂ," ಎಂದಳು. ಆಮೇಲೆ, ತಪ್ಪು ಹುಡುಕುವ ದನಿಯಲ್ಲಲ್ಲ, ಸುಮ್ಮನೆ ನೆನಪಿಸುವ ದನಿಯಲ್ಲಿ ಹೇಳಿದಳು. "ವಿ ಡಿಡ್ ಇಟ್ ಟು ಅಜ್ಜಿ ಟೂ. ಯು ಟೋಲ್ಡ್ ಮಿ ನಾಟ್ ಟು ಸೇ ಎನಿಥಿಂಗ್."

ಅಜ್ಜಿಗೂ ಹಾಗೆಯೇ ಮಾಡಿದ್ದೆವು, ಬಾಯಿ ಬಿಡಬೇಡ ಎಂದು ನೀನೇ ನನಗೆ ಹೇಳಿದ್ದೆ ಅಂತ. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಇಂಥದ್ದಕ್ಕೇ. ನಾನು ಅದನ್ನು ಪೂರ್ತಿ ಮರೆತುಬಿಟ್ಟಿದ್ದೆ. ಮರೆತದ್ದು ಹೇಗೆ ಎನ್ನುವುದೇ ನನಗೆ ಈಗ ಭಯ ಹುಟ್ಟಿಸುವ ವಿಷಯ.

ಅದಕ್ಕೂ ಮೂರು ವರ್ಷದ ಹಿಂದೆ ನನ್ನ ಅತ್ತೆ, ಅಂದರೆ ಗಂಡನ ತಾಯಿ, ಮೈಸೂರಿನಿಂದ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ಐದು ತಿಂಗಳಾಗುತ್ತಿದ್ದಾಗ ಹಾಸನದಲ್ಲಿದ್ದ ಅವರ ತಮ್ಮ ಹೋಗಿಬಿಟ್ಟರು. ಸುದ್ದಿ ಬಂದಾಗ ಗಂಡ ಕೈಚೆಲ್ಲಿ ಕೂತರು. ಅಮ್ಮನಿಗೆ ಹೇಳಲೇಬೇಕು ಎಂದರು. ಬೇಡ ಎಂದವಳು ನಾನು. ಅತ್ತೆಗೆ ಬಿಪಿ ಇದೆ, ಇಲ್ಲಿ ಒಬ್ಬರೇ ಕೂತು ಅಳುತ್ತಾರೆ, ಹೇಗಿದ್ದರೂ ಐದು ವಾರಕ್ಕೆ ಹೊರಡುತ್ತಾರಲ್ಲ, ಅಲ್ಲಿ ಹೋದ ಮೇಲೆ ಜನರ ನಡುವೆ ತಿಳಿಯಲಿ ಎಂದೆ. ಹೇಳಿದ್ದನ್ನು ಅಚ್ಚುಕಟ್ಟಾಗಿ ನಡೆಸಿದೆ. ಊರಿನ ಒಬ್ಬೊಬ್ಬರಿಗೂ ಫೋನ್ ಮಾಡಿ ತಾಕೀತು ಮಾಡಿದೆ. ಅತ್ತೆಯ ಫೋನಿನಲ್ಲಿ ವಾಟ್ಸಾಪ್ ಕೆಟ್ಟಿದೆ ಎಂದೆ. ಮಗಳ ಬಾಯಿ ಮುಚ್ಚಿಸಿದೆ. ತಮ್ಮ ಯಾಕೆ ಫೋನ್ ಮಾಡಿಲ್ಲ ಎಂದು ಅತ್ತೆ ಕೇಳಿದಾಗ ಅವರ ಮಗಳ ಮನೆಗೆ ಹೋಗಿದ್ದಾರಂತೆ ಎಂದು ಸುಳ್ಳು ಹೇಳಿದೆ.

ಹೊರಡುವ ಮುಂಚಿನ ವಾರ ತಮ್ಮನಿಗೆ ಒಂದು ಜಾಕೆಟ್ ತೆಗೆದುಕೊಳ್ಳಬೇಕು ಎಂದು ಅತ್ತೆ ಹಟ ಹಿಡಿದರು. ಔಟ್‌ಲೆಟ್ ಮಾಲಿಗೆ ಕರೆದುಕೊಂಡು ಹೋದೆ. ಮೀಡಿಯಂ ಸಾಕೋ ಲಾರ್ಜ್ ಬೇಕೋ ಎಂದು ಅವರಿಗೆ ತಿಳಿಯಲಿಲ್ಲ. "ಅವನು ಸ್ವಲ್ಪ ಹೊಟ್ಟೆ ಬಿಟ್ಟವ್ನೆ ಕಣಮ್ಮ, ನೀನು ನೋಡಿದೀಯಲ್ಲ, ನೀನೇ ಹೇಳು," ಎಂದರು. ನಾನು ಎರಡನ್ನೂ ಎತ್ತಿ ಹಿಡಿದು ನೋಡಿ, ಲಾರ್ಜ್ ಇರಲಿ ಅತ್ತೆ, ಒಳಗೆ ಸ್ವೆಟರ್ ಹಾಕಿಕೊಳ್ಳಬಹುದು ಎಂದೆ. ಸತ್ತು ಒಂದು ತಿಂಗಳಾದವನಿಗೆ ಅಳತೆ ನೋಡಿ ಜಾಕೆಟ್ ಆರಿಸಿಕೊಟ್ಟವಳು ನಾನು. ಅತ್ತೆ ಅದನ್ನು ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು. ಮೈಸೂರಿನಲ್ಲಿ ಅವರಿಗೂ ಊಟವಾದ ಮೇಲೆ ಹೇಳಿದರು. ಸೊಸೆ ಎಷ್ಟು ಜವಾಬ್ದಾರಿಯಿಂದ ನಿಭಾಯಿಸಿದಳು ಎಂದು ನೆಂಟರೆಲ್ಲ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು.

ಮನೆಗೆ ಬಂದು ಕಾರಿನಲ್ಲೇ ಬಹಳ ಹೊತ್ತು ಕೂತಿದ್ದೆ. ಗಂಡ ಆ ಮೂರು ದಿನವೂ ಈ ಮಾತನ್ನು ಎತ್ತಿರಲಿಲ್ಲ. ನಾನು ಅಷ್ಟೆಲ್ಲ ಬೈದಾಗಲೂ "ನೀನು ಮಾಡಿದ್ದೇನು?" ಎನ್ನಲಿಲ್ಲ. ಅದು ಅವರ ಒಳ್ಳೆಯತನವೋ, ನಾನು ಕಲಿಸಿಕೊಟ್ಟದ್ದನ್ನೇ ಮಾಡಿದೆ, ಇದರಲ್ಲಿ ಹೇಳುವುದೇನಿದೆ ಎಂಬ ನಂಬಿಕೆಯೋ, ನಾನು ಕೇಳಿಲ್ಲ. ಕೇಳಿದರೆ ಸಿಟ್ಟು ಅರ್ಧವಾಗುತ್ತದೆ. ಆಗ ಆ ಸಿಟ್ಟೊಂದೇ ನನ್ನ ಹತ್ತಿರ ಅಕ್ಕನಿಗಾಗಿ ಇದ್ದದ್ದು.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ. ಅಕ್ಕನ ವಿಷಯ ಅವರಿಗೆ ಗೊತ್ತಿತ್ತು, ಹದಿಮೂರನೆಯ ದಿನಕ್ಕೆ ಹೋಗಿ ಊಟ ಮಾಡಿ ಬಂದಿದ್ದರು. "ನಿಮ್ ಭಾವ ಒಂದು ತುತ್ತೂ ತಿನ್ಲಿಲ್ಲ ಕಣಮ್ಮ," ಎಂದರು. ಆಮೇಲೆ ಕೇಳಿಬಿಟ್ಟೆ.

"ಅತ್ತೆ, ಹಾಸನದ ಮಾವನ ವಿಷಯ ನಿಮಗೆ ಹೇಳ್ದೆ ಮುಚ್ಚಿಟ್ಟಿದ್ನಲ್ಲ. ಅದನ್ನ ಹೊಟ್ಟೆಗೆ ಹಾಕ್ಕೊಂಡ್ರಾ ನೀವು?"

ಆ ಕಡೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಅತ್ತೆ ಹೋಗಿ ಒಲೆ ಆರಿಸಿ ಬಂದರು.

"ಇಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಟ್ಟೆಗೆ ಹಾಕ್ಕೊಳೋದು ಏನ್ ಬಂತು. ಆ ಐದು ವಾರ ನಾನು ನಿಮ್ಮನೇಲಿ ಹೋಳಿಗೆ ಮಾಡ್ದೆ, ನಕ್ಕೊಂಡು ಟಿವಿ ನೋಡ್ದೆ. ಅದು ನನ್ ಮನಸ್ಸಿಂದ ಹೋಗಲ್ಲಮ್ಮ. ಹಂಗಂತ ಮಗನ್ನ ಸೊಸೇನ ಬಿಟ್ಟಿರಕ್ಕಾಯ್ತದಾ? ನೀನು ಬಡಿಸಿದ್ರೆ ತಿಂತೀನಿ, ಫೋನ್ ಮಾಡಿದ್ರೆ ಮಾತಾಡ್ತೀನಿ. ನೀನೂ ಹಂಗೇ ಇರ್ತೀಯ, ನೋಡ್ತಿರು."

ಸಮಾಧಾನ ಹೇಳುತ್ತಾರೆ ಎಂದುಕೊಂಡು ಫೋನ್ ಮಾಡಿದ್ದೆ. ಅವರು ಬೇಸಿಗೆಗೆ ಬರುತ್ತೀರಾ ಎಂದು ಕೇಳಿದರು, ಬರುತ್ತೇವೆ ಎಂದೆ. ಫೋನ್ ಇಟ್ಟ ಮೇಲೂ ಅಡುಗೆಮನೆಯ ಮೇಜಿನ ಮುಂದೆ ಕೂತೇ ಇದ್ದೆ. ಗಂಡ ಮಹಡಿಯಿಂದ ಇಳಿದು ಬಂದರು, ನನ್ನ ಮುಖ ನೋಡಿದರು. ಏನು ಕೇಳಬೇಕೋ ತಿಳಿಯದೆ ಹಾಲಿನ ಪಾತ್ರೆ ತೆಗೆದರು.

"ಕಾಫಿ ಮಾಡ್ತಿದೀನಿ. ನಿನಗೂ ಮಾಡ್ಲಾ?" ಎಂದರು.

"ಮಾಡಿ," ಎಂದೆ.